ಕೋವಿಡ್ ಕಾಲದಲ್ಲಿ ಗಂಭೀರ ಕಾಯಿಲೆ: ಹೈದರಾಬಾದ್‌ನಲ್ಲಿ ರೋಗಿಗಳ ಕುಟುಂಬಗಳನ್ನು ಕಾಡಿದ ಎರಡು ಭಯ

ಹೈದರಾಬಾದ್: ಮನೆಯಲ್ಲಿ ಕ್ಯಾನ್ಸರ್, ಕಿಡ್ನಿ ವೈಫಲ್ಯ ಅಥವಾ ಹೃದ್ರೋಗದಿಂದ ಬಳಲುತ್ತಿರುವವರು ಇದ್ದರೆ ಸಾಂಕ್ರಾಮಿಕದ ಆತಂಕ ದುಪ್ಪಟ್ಟು. ಸೋಂಕು ತಗುಲಿದರೆ ಜೀವಕ್ಕೆ ಅಪಾಯ. ಸೋಂಕಿಗೆ ಹೆದರಿ ಚಿಕಿತ್ಸೆ ನಿಲ್ಲಿಸಿದರೂ ಅಪಾಯ. ಬೀದರ್, ಕಲಬುರಗಿ, ರಾಯಚೂರು ಭಾಗದ ಅನೇಕರು ದೊಡ್ಡ ಚಿಕಿತ್ಸೆಗೆ ಹೋಗುವ ಹೈದರಾಬಾದ್‌ನಲ್ಲಿ 2020-21ರಲ್ಲಿ ಪರಿಸ್ಥಿತಿ ಹೇಗಿತ್ತು? ಇಲ್ಲಿದೆ ಮಾಹಿತಿ.

ಯಾರಿಗೆ ಹೆಚ್ಚು ಅಪಾಯ?

ಕಿಮೋಥೆರಪಿ ಪಡೆಯುವವರಲ್ಲಿ ಬಿಳಿ ರಕ್ತಕಣಗಳು ಕಡಿಮೆಯಾಗುತ್ತವೆ. ಅಂಗಾಂಗ ಕಸಿ ಮಾಡಿಸಿಕೊಂಡವರು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಸೇವಿಸುತ್ತಿರುತ್ತಾರೆ. ಹೀಗಾಗಿ ಇವರ ದೇಹಕ್ಕೆ ವೈರಸ್ ಎದುರಿಸುವುದು ಕಷ್ಟ. ಡಯಾಲಿಸಿಸ್ ರೋಗಿಗಳಿಗಂತೂ ಮನೆಯಲ್ಲೇ ಉಳಿಯುವ ಆಯ್ಕೆಯೇ ಇಲ್ಲ. ವಾರಕ್ಕೆ ಎರಡು-ಮೂರು ಬಾರಿ ಕೇಂದ್ರಕ್ಕೆ ಹೋಗಲೇಬೇಕು.

ಗಾಂಧಿ ಆಸ್ಪತ್ರೆ ಕೋವಿಡ್‌ಗೆ ಮೀಸಲು

ತೆಲಂಗಾಣದ ಮೊದಲ ಪ್ರಕರಣ ಪತ್ತೆಯಾಗಿದ್ದು 2020ರ ಮಾರ್ಚ್ 2ರಂದು. ದುಬೈಗೆ ಹೋಗಿಬಂದಿದ್ದ ಟೆಕ್ಕಿಯೊಬ್ಬರು ಬೆಂಗಳೂರಿನಿಂದ ಬಸ್‌ನಲ್ಲಿ ಹೈದರಾಬಾದ್‌ಗೆ ಬಂದಿದ್ದರು. ಬಳಿಕ ಸಿಕಂದರಾಬಾದ್‌ನ ಗಾಂಧಿ ಆಸ್ಪತ್ರೆಯನ್ನು ಕೋವಿಡ್‌ಗೆ ಮೀಸಲಿಡಲಾಯಿತು. ಅಲ್ಲಿಗೆ ಬರುತ್ತಿದ್ದ ಇತರ ರೋಗಿಗಳು ಉಸ್ಮಾನಿಯಾ ಸೇರಿದಂತೆ ಬೇರೆ ಆಸ್ಪತ್ರೆಗಳಿಗೆ ಹೋಗಬೇಕಾಯಿತು. ನವೆಂಬರ್‌ನಲ್ಲಿ ಸಾಮಾನ್ಯ ಸೇವೆ ಮರಳಿತಾದರೂ, ಎರಡನೇ ಅಲೆಯಲ್ಲಿ ಆಸ್ಪತ್ರೆ ಮತ್ತೆ ಕೋವಿಡ್‌ಗೆ ಮೀಸಲಾಯಿತು.

ಗಡಿಯಲ್ಲಿ ಆಂಬುಲೆನ್ಸ್‌ಗೆ ತಡೆ

2021ರ ಮೇ ತಿಂಗಳಲ್ಲಿ ನೆರೆರಾಜ್ಯಗಳಿಂದ ಕೋವಿಡ್ ರೋಗಿಗಳನ್ನು ಕರೆತರುತ್ತಿದ್ದ ಆಂಬುಲೆನ್ಸ್‌ಗಳನ್ನು ತೆಲಂಗಾಣ ಪೊಲೀಸರು ಗಡಿಯಲ್ಲೇ ತಡೆದರು. ಆಸ್ಪತ್ರೆಯಲ್ಲಿ ಹಾಸಿಗೆ ಖಚಿತವಾಗಿರಬೇಕು, ಮೊದಲೇ ಅನುಮತಿ ಪಡೆದಿರಬೇಕು ಎಂದು ಮೇ 11ರಂದು ಸರ್ಕಾರ ಸುತ್ತೋಲೆ ಹೊರಡಿಸಿತು. ಮೇ 14ರಂದು ತೆಲಂಗಾಣ ಹೈಕೋರ್ಟ್ ಇದಕ್ಕೆ ತಡೆ ನೀಡಿತು.

ಲಸಿಕೆಗೆ ವಯಸ್ಸಿನ ಮಿತಿ

2021ರ ಮಾರ್ಚ್ 1ರಿಂದ 60 ವರ್ಷ ಮೇಲ್ಪಟ್ಟವರಿಗೆ ಹಾಗೂ ನಿಗದಿತ 20 ಕಾಯಿಲೆಗಳಲ್ಲಿ ಯಾವುದಾದರೂ ಇರುವ 45ರಿಂದ 59 ವರ್ಷದವರಿಗೆ ಲಸಿಕೆ ಆರಂಭವಾಯಿತು. ಎರಡನೇ ಗುಂಪಿನವರು ವೈದ್ಯರ ಪ್ರಮಾಣಪತ್ರ ತೋರಿಸಬೇಕಿತ್ತು. ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಅಂಗಾಂಗ ಕಸಿಯಾದವರು ಪಟ್ಟಿಯಲ್ಲಿದ್ದರು. ಆದರೆ ಇದೇ ಕಾಯಿಲೆಯ 30ರ ಹರೆಯದವರು ಮೇ 1ರವರೆಗೆ ಕಾಯಬೇಕಾಯಿತು. ಏಪ್ರಿಲ್‌ನಲ್ಲಿ ಎರಡನೇ ಅಲೆ ಅಪ್ಪಳಿಸಿದಾಗ ಅವರಿಗೆ ಮಾಸ್ಕ್ ಮತ್ತು ಮನೆಯವರ ಎಚ್ಚರಿಕೆಯೇ ರಕ್ಷಣೆಯಾಗಿತ್ತು.

ಕುಟುಂಬದವರು ಏನು ಮಾಡಬಹುದು?

* ವೈದ್ಯರನ್ನು ಕೇಳದೆ ಔಷಧ, ಡಯಾಲಿಸಿಸ್ ಅಥವಾ ಕಿಮೋ ನಿಲ್ಲಿಸಬೇಡಿ.

* ಮಾಮೂಲಿ ತಪಾಸಣೆಗೆ ಫೋನ್ ಅಥವಾ ವಿಡಿಯೊ ಕರೆ ಬಳಸಿ. 2020ರ ಮಾರ್ಚ್ 25ರಂದು ಕೇಂದ್ರ ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿ ಇದಕ್ಕೆ ಸ್ಪಷ್ಟ ನಿಯಮಗಳನ್ನು ನೀಡಿದೆ.

* ಹತ್ತಿರದಲ್ಲಿ ಇನ್ನೊಂದು ಚಿಕಿತ್ಸಾ ಕೇಂದ್ರವನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಬೇರೆ ರಾಜ್ಯಕ್ಕೆ ಹೋಗುವವರಿಗೆ ಇದು ಹೆಚ್ಚು ಮುಖ್ಯ.

* ಚಿಕಿತ್ಸೆಯ ದಾಖಲೆ, ಔಷಧ ಚೀಟಿ ಒಂದೇ ಫೈಲ್‌ನಲ್ಲಿರಲಿ.

* ಆರೈಕೆ ಮಾಡುವವರು ಲಸಿಕೆ ಪಡೆಯಲಿ. ಜ್ವರ, ಕೆಮ್ಮು ಬಂದರೆ ಆರೈಕೆಯ ಹೊಣೆಯನ್ನು ಮನೆಯ ಇನ್ನೊಬ್ಬರು ವಹಿಸಿಕೊಳ್ಳಲಿ.

* ರೋಗಿಗೆ ಜ್ವರ ಅಥವಾ ಉಸಿರಾಟದ ತೊಂದರೆ ಕಾಣಿಸಿದರೆ ಕಾಯದೆ ವೈದ್ಯರನ್ನು ಸಂಪರ್ಕಿಸಿ.