ಕುರ್ಚಿ ಹೋದ ಮೇಲೆ ಕುರ್ಚಿಯ ಅಧ್ಯಯನ

1967ರ ಜನವರಿ 20ರಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ತನ್ನ ಅಧ್ಯಕ್ಷ ಕ್ಲಾರ್ಕ್ ಕೆರ್ ಅವರನ್ನು 14–8 ಮತಗಳಿಂದ ಮನೆಗೆ ಕಳುಹಿಸಿತು. ರೊನಾಲ್ಡ್ ರೇಗನ್ ಗವರ್ನರ್ ಆಗಿ ಮೂರು ವಾರವೂ ಕಳೆದಿರಲಿಲ್ಲ. ಅದೇ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನ ವಿದ್ಯಾರ್ಥಿ ಗಲಾಟೆಗೆ ಮದ್ದು ಅರೆಯುತ್ತೇನೆಂದೇ ಅವರು ಮತ ಕೇಳಿದ್ದರು. ಗವರ್ನರ್ ಎಂಬ ಕಾರಣಕ್ಕೆ ಆ ಮಂಡಳಿಯಲ್ಲಿ ಅವರಿಗೂ ಒಂದು ಮತವಿತ್ತು. ಅಲ್ಲಿನ ‘ಪ್ರೆಸಿಡೆಂಟ್’ ಹುದ್ದೆ ಹೆಚ್ಚುಕಡಿಮೆ ನಮ್ಮ ಕುಲಪತಿಯ ಹುದ್ದೆಯೇ. ಇಷ್ಟು ದೊಡ್ಡ ಕುಲಪತಿ ಇಷ್ಟು ಬಹಿರಂಗವಾಗಿ ವಜಾ ಆದದ್ದು ಅಪರೂಪ. ವಜಾ ಆದವರು ಉಳಿದ ಆಯುಷ್ಯವನ್ನು ಆ ಹುದ್ದೆಯ ಅಧ್ಯಯನಕ್ಕೇ ತೆತ್ತದ್ದು ಇನ್ನೂ ಅಪರೂಪ.

ಪೆನ್ಸಿಲ್ವೇನಿಯಾದ ಸೇಬು ಬೆಳೆಗಾರರ ಮನೆಯಲ್ಲಿ 1911ರಲ್ಲಿ ಹುಟ್ಟಿದ ಕೆರ್ ಕಾರ್ಮಿಕ ಅರ್ಥಶಾಸ್ತ್ರಜ್ಞ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಪಶ್ಚಿಮ ಕರಾವಳಿಯ ಮಾಲೀಕರು ಮತ್ತು ಕಾರ್ಮಿಕರ ನಡುವೆ ಕೂತು ವ್ಯಾಜ್ಯ ಬಗೆಹರಿಸಿ ಪಳಗಿದವರು. ಈ ಪಂಚಾಯಿತಿಯ ಬುದ್ಧಿಯೇ ಮುಂದೆ ಅವರ ಬಲವೂ ಆಯಿತು, ಕಂಟಕವೂ ಆಯಿತು. ತಾವು ಕಮ್ಯುನಿಸ್ಟರಲ್ಲವೆಂದು ಅಧ್ಯಾಪಕರೆಲ್ಲ ಪ್ರಮಾಣ ಮಾಡಬೇಕೆಂಬ ಕಟ್ಟಳೆ 1949ರಲ್ಲಿ ಬಂದಾಗ ಕೆರ್ ಸಹಿ ಹಾಕಿದರು. ಆದರೆ ಹಾಕದವರ ಪರವಾಗಿ ವಾದಿಸಿದರು. ಅಧ್ಯಾಪಕರು ಇದನ್ನು ಮರೆಯಲಿಲ್ಲ. 1952ರಲ್ಲಿ ಅವರು ಬರ್ಕ್ಲಿ ಕ್ಯಾಂಪಸ್ಸಿನ ಮೊದಲ ಚಾನ್ಸಲರ್ ಆದರು, 1958ರಲ್ಲಿ ಇಡೀ ವಿಶ್ವವಿದ್ಯಾಲಯದ ಅಧ್ಯಕ್ಷರಾದರು. ವಿದ್ಯಾರ್ಥಿಗಳಿಗೆ ಪ್ರಣಯ, ಹಳೆಯ ವಿದ್ಯಾರ್ಥಿಗಳಿಗೆ ಆಟೋಟ, ಅಧ್ಯಾಪಕರಿಗೆ ಕಾರು ನಿಲ್ಲಿಸಲು ಜಾಗ ಒದಗಿಸುವುದೇ ತಮ್ಮ ಕೆಲಸವೆಂದು ನಗಿಸುತ್ತಿದ್ದವರು ಅವರು.

ನಿಜವಾದ ಕೆಲಸ ಬೇರೆಯೇ ಇತ್ತು. ಯುದ್ಧದ ನಂತರ ಹುಟ್ಟಿದ ಮಕ್ಕಳ ದಂಡು ಕಾಲೇಜಿನ ಬಾಗಿಲಿಗೆ ಬರುವ ಹೊತ್ತು. ಶಾಸಕರಿಗೆ ತಮ್ಮ ತಮ್ಮ ಊರಿಗೊಂದು ಕಾಲೇಜು ಬೇಕು (ಈ ರಾಗ ನಮಗೇನೂ ಹೊಸದಲ್ಲ), ಸ್ಟೇಟ್ ಕಾಲೇಜುಗಳಿಗೆ ಡಾಕ್ಟರೇಟ್ ಕೊಡುವ ಹಕ್ಕು ಬೇಕು. ಎಲ್ಲರನ್ನೂ ಕೂರಿಸಿ ಮಾತಾಡಿಸಿ ಕೆರ್ ರೂಪಿಸಿದ ಒಪ್ಪಂದವೇ 1960ರ ಮಾಸ್ಟರ್ ಪ್ಲಾನ್. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಶೇ. 12.5ರಷ್ಟು ಮಂದಿಗೆ ವಿಶ್ವವಿದ್ಯಾಲಯ, ಮೇಲಿನ ಮೂರನೇ ಒಂದು ಭಾಗಕ್ಕೆ ಸ್ಟೇಟ್ ಕಾಲೇಜು, ಮಿಕ್ಕ ಎಲ್ಲರಿಗೂ ಎರಡು ವರ್ಷದ ಜೂನಿಯರ್ ಕಾಲೇಜು. ಅಲ್ಲಿ ಚೆನ್ನಾಗಿ ಓದಿದವರು ಮೇಲಿನ ಹಂತಕ್ಕೆ ದಾಟಿಕೊಳ್ಳಬಹುದು. ರಾಜ್ಯದ ನಿವಾಸಿಗಳಿಗೆ ಬೋಧನಾ ಶುಲ್ಕವಿಲ್ಲ. ಪ್ರತಿಭೆಯ ಜರಡಿಯನ್ನೂ ಎಲ್ಲರಿಗೂ ತೆರೆದ ಬಾಗಿಲನ್ನೂ ಒಂದೇ ಯೋಜನೆಯಲ್ಲಿ ಹೊಂದಿಸಿದ್ದು ಕೆರ್ ಅವರ ಅತಿ ದೊಡ್ಡ ಸಾಧನೆ. ಟೈಮ್ ಪತ್ರಿಕೆ ಅದೇ ವರ್ಷ ಅವರನ್ನು ಮುಖಪುಟಕ್ಕೆ ತಂದಿತು.

1963ರಲ್ಲಿ ಹಾರ್ವರ್ಡ್‌ನಲ್ಲಿ ಅವರು ಕೊಟ್ಟ ಉಪನ್ಯಾಸಗಳು ‘ದಿ ಯೂಸಸ್ ಆಫ್ ದಿ ಯೂನಿವರ್ಸಿಟಿ’ ಎಂಬ ಪುಸ್ತಕವಾದವು. ಆಧುನಿಕ ವಿಶ್ವವಿದ್ಯಾಲಯ ಒಂದೇ ಸಮುದಾಯವಲ್ಲ, ಹಲವು ಸಮುದಾಯಗಳ ಕೂಟ. ಅದರ ಮುಖ್ಯಸ್ಥ ಎಲ್ಲಕ್ಕಿಂತ ಮೊದಲು ಮಧ್ಯಸ್ಥ ಎಂಬುದು ಅವರ ವಾದ. ಮರುವರ್ಷವೇ ಆ ವಾದಕ್ಕೆ ಪರೀಕ್ಷೆ ಬಂತು. ಕ್ಯಾಂಪಸ್ಸಿನ ಅಂಚಿನಲ್ಲಿ ರಾಜಕೀಯ ಪ್ರಚಾರ ಕೂಡದೆಂದು ಬರ್ಕ್ಲಿಯ ಆಡಳಿತ ಆಜ್ಞೆ ಹೊರಡಿಸಿತು; ವಾಕ್ ಸ್ವಾತಂತ್ರ್ಯ ಚಳವಳಿ ಭುಗಿಲೆದ್ದಿತು. ಡಿಸೆಂಬರಿನಲ್ಲಿ ಆಡಳಿತ ಕಟ್ಟಡವಾದ ಸ್ಪ್ರೌಲ್ ಹಾಲ್‌ನೊಳಗೆ ಧರಣಿ ಕೂತ ಸುಮಾರು 800 ಮಂದಿಯ ಬಂಧನವಾಯಿತು. ಮಧ್ಯಸ್ಥನ ಮಾತು ವಿದ್ಯಾರ್ಥಿಗಳಿಗೆ ಹೇಡಿತನವಾಗಿ ಕಂಡರೆ ಬಲಪಂಥೀಯರಿಗೆ ಸಡಿಲತನವಾಗಿ ಕಂಡಿತು. ತತ್ವದ ಜಗಳವನ್ನು ಕೂಲಿಯ ಜಗಳದಂತೆ ಚೌಕಾಸಿಯಲ್ಲಿ ಮುಗಿಸಲು ಹೊರಟದ್ದು ಅವರ ತಪ್ಪು.

ವಜಾ ಆದ ಕೆಲವೇ ದಿನಗಳಲ್ಲಿ ಅವರು ಉನ್ನತ ಶಿಕ್ಷಣದ ಕಾರ್ನೆಗಿ ಆಯೋಗದ ಪೂರ್ಣಾವಧಿ ಅಧ್ಯಕ್ಷರಾದರು. ಕಾಲೇಜುಗಳಿಗಿಂತ ಬಡ ವಿದ್ಯಾರ್ಥಿಗಳ ಕೈಗೇ ನೆರವು ಸೇರಬೇಕೆಂದು ಆಯೋಗ ಒತ್ತಿ ಹೇಳಿತು. 1972ರಲ್ಲಿ ಅಮೆರಿಕದ ಕಾಂಗ್ರೆಸ್ ಅಂಥದ್ದೇ ಅನುದಾನವನ್ನು ಕಾನೂನು ಮಾಡಿತು. ಇಂದಿನ ಪೆಲ್ ಗ್ರಾಂಟ್ ಅದೇ. ಆಮೇಲೆ ಕೆರ್ ತಮ್ಮ ಹಳೆಯ ಕುರ್ಚಿಯ ಅಧ್ಯಯನದತ್ತ ತಿರುಗಿದರು. 1984ರ ವರದಿಯೊಂದಕ್ಕೆ ಅವರ ಸಮಿತಿ ವಿಶ್ವವಿದ್ಯಾಲಯಗಳ ಅಧ್ಯಕ್ಷರನ್ನಷ್ಟೇ ಅಲ್ಲ, ಅವರ ಜೀವನಸಂಗಾತಿಗಳನ್ನೂ ಮಾತಾಡಿಸಿತು. ಸಂಶೋಧಕಿ ಮೇರಿಯನ್ ಗೇಡ್ ಜೊತೆಗೂಡಿ 1986ರಲ್ಲಿ ಅಧ್ಯಕ್ಷರ ಬಗ್ಗೆ, 1989ರಲ್ಲಿ ಅವರನ್ನು ನೇಮಿಸುವ ಮಂಡಳಿಗಳ ಬಗ್ಗೆ ಪುಸ್ತಕ ಬರೆದರು. ನೇಮಿಸುವವರನ್ನು ಬಿಟ್ಟು ಕುಲಪತಿಯನ್ನಷ್ಟೇ ಅಳೆದರೆ ಲೆಕ್ಕ ತಪ್ಪುತ್ತದೆಂದು ಅವರಷ್ಟು ಚೆನ್ನಾಗಿ ಯಾರಿಗೆ ಗೊತ್ತಿದ್ದೀತು!

ಪತ್ರಕರ್ತರೊಬ್ಬರು ವರ್ಷಗಟ್ಟಲೆ ಕಾನೂನು ಹೋರಾಟ ನಡೆಸಿ ಪಡೆದ ಎಫ್‌ಬಿಐ ಕಡತಗಳು 2002ರಲ್ಲಿ ಬೆಳಕಿಗೆ ಬಂದವು. ಕೆರ್ ಅವರನ್ನು ಇಳಿಸಲು ಆ ಸಂಸ್ಥೆ ತೆರೆಮರೆಯಲ್ಲಿ ದುಡಿದಿತ್ತು. ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಕೆರ್ ಅವರನ್ನು ಮಂತ್ರಿ ಮಾಡಲು ಯೋಚಿಸಿದಾಗ ಸುಳ್ಳೆಂದು ಗೊತ್ತಿದ್ದ ಆರೋಪಗಳನ್ನೇ ಶ್ವೇತಭವನಕ್ಕೆ ಕಳುಹಿಸಿತ್ತು. ಕಡತಗಳು ಬೆಳಕಿಗೆ ಬಂದ ಮರುವರ್ಷ, 92ನೆಯ ವಯಸ್ಸಿನಲ್ಲಿ ಕೆರ್ ತೀರಿಕೊಂಡರು. ಅವರ ಮೂರು ಹಂತದ ವ್ಯವಸ್ಥೆ ಕ್ಯಾಲಿಫೋರ್ನಿಯಾದಲ್ಲಿ ಇಂದಿಗೂ ನಡೆಯುತ್ತಿದೆ. ಶುಲ್ಕವಿಲ್ಲ ಎಂಬ ಮಾತು ಮಾತ್ರ ಉಳಿದಿಲ್ಲ.