ಹಾಡಿನ ಮುಖಪತ್ರ

ತಾಳಿಕೋಟೆಯೆಂದೊಡನೆ 1565ರ ಸಮರವನ್ನು ನೆನೆಯುವುದು ವಿದ್ಯಾವಂತರ ವಾಡಿಕೆ. ಆದರೆ ಡೋಣಿಯ ಈ ಎರೆಸೀಮೆಯಲ್ಲಿ ಆ ಸಮರದ ಸ್ಮೃತಿಗಿಂತ ಸಜೀವವಾಗಿ ಉಳಿದುಬಂದದ್ದು ಮೊಹರಮ್ಮಿನ ರಿವಾಯತ ಪದಗಳ, ಗೀಗೀ ಲಾವಣಿಗಳ, ಬೀಸುವ ಕಲ್ಲಿನ ಮುಂದಣ ಹಾಡುಗಳ ಪರಂಪರೆ. ಇಂಥ ಹಾಡಿಗೆ ಹೊದಿಕೆಯೆಂಬುದಿರಲಿಲ್ಲ. ಹಾಡುವವರ ಮುಖವೇ ಅದರ ಮುಖಪತ್ರವಾಗಿದ್ದಿತು. ಕಂಠವು ಕಾಯದಿಂದ ಬೇರ್ಪಟ್ಟು, ಸರಕಾಗಿ ಅಂಗಡಿಯ ಹಲಗೆಯನ್ನೇರಿದ ಮೇಲೆ, ಗಿರಾಕಿಯ ಕಿವಿಗಿಂತ ಮುಂಚೆ ಅವನ ಕಣ್ಣನ್ನು ಒಲಿಸಿಕೊಳ್ಳಬೇಕಾದ ಕಾಲ ಬಂದೊದಗಿತು.

1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಮೊದಲಾದವರ ಗಾನವನ್ನು ಮುದ್ರಿಸಿಕೊಂಡ ಗ್ರಾಮಫೋನ್ ಕಂಪನಿಯು ತನ್ನ ತಟ್ಟೆಗಳನ್ನು ಜರ್ಮನಿಯ ಹ್ಯಾನೋವರಿನಲ್ಲಿ ಒತ್ತಿಸಿ ತರಿಸುತ್ತಿತ್ತು. ಹಾಡು ಮುಗಿಯುತ್ತಲೆ ಗಾಯಕಿಯು ತನ್ನ ಹೆಸರನ್ನು ತಾನೇ ಉಚ್ಚರಿಸುತ್ತಿದ್ದುದು, ನಮ್ಮ ಭಾಷೆಯನ್ನರಿಯದ ಆ ದೂರದ ಕೆಲಸಗಾರರು ತಕ್ಕ ತಟ್ಟೆಗೆ ತಕ್ಕ ಲೇಬಲ್ಲನ್ನೇ ಅಂಟಿಸಲೆಂಬ ಉದ್ದೇಶದಿಂದ ಎಂದು ಹೇಳುತ್ತಾರೆ. ಮೊದಮೊದಲ ತಟ್ಟೆಗಳ ಮೇಲೆ ಬರೆಯುತ್ತ ಕುಳಿತ ದೇವದೂತನ ಚಿತ್ರವಿದ್ದು, ಅನಂತರ ಫ್ರಾನ್ಸಿಸ್ ಬರೋ ಎಂಬ ಚಿತ್ರಕಾರನ ನಾಯಿಯು ಆ ಸ್ಥಾನವನ್ನಾಕ್ರಮಿಸಿತು. ತುತ್ತೂರಿಯ ಮುಂದೆ ಕಿವಿಗೊಟ್ಟು ಕುಳಿತ ಆ ಪ್ರಾಣಿಯನ್ನು ಗುರುತಿಸಲು ಅಕ್ಷರಜ್ಞಾನದ ಅಗತ್ಯವಿರಲಿಲ್ಲ. ನಿರಕ್ಷರಿಗಳೇ ಬಹುಸಂಖ್ಯಾತರಾಗಿದ್ದ ದೇಶದಲ್ಲಿ ಇದಕ್ಕಿಂತ ಸಮರ್ಥವಾದ ಮುಖಪತ್ರವನ್ನು ನಾನು ಕಾಣೆ. ತಟ್ಟೆಯ ಕಾಗದದ ಚೀಲಕ್ಕೆ ನಡುವೆ ದುಂಡಗೆ ಕಿಂಡಿ ಕೊರೆಯುತ್ತಿದ್ದುದೂ ಲೇಬಲ್ಲು ಹೊರಗಿನಿಂದಲೇ ಕಾಣಲೆಂದು. ಅದೇ ಕಂಪನಿಯು ಸಾಧಾರಣ ಸ್ಥಿತಿಯವರಿಗಾಗಿ ಝೋನೋಫೋನ್ ಎಂಬ ಬೇರೊಂದು ಮುದ್ರೆಯಲ್ಲಿ ಅಗ್ಗದ ತಟ್ಟೆಗಳನ್ನು ಮಾರುತ್ತಿದ್ದಿತು. ಹೀಗೆ ಒಂದೇ ಮನೆತನದ ಸರಕು ಎರಡು ಅಂತಸ್ತಿನ ಗಿರಾಕಿಗಳಿಗೆ ಎರಡು ಮುಖ ಧರಿಸಿ ಹೊರಟಿತು.

ಹಾಡಿದವಳ ಹೆಸರಿಗೆ ಈ ಮುಖಪತ್ರದಲ್ಲಿ ಒದಗಿದ ಗತಿಯೇ ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದು ನಿಲ್ಲಿಸುತ್ತದೆ. ಇಂಡಿ ಸೀಮೆಯ ಹಲಸಂಗಿಯ ಗೆಳೆಯರು, ಮಧುರಚೆನ್ನರ ಮುಂದಾಳುತನದಲ್ಲಿ, ನಮ್ಮ ಹೆಣ್ಣುಮಕ್ಕಳ ಪದಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದಾಗ, ಹೊದಿಕೆಯ ಮೇಲೆ ಮೆರೆದದ್ದು ಗರತಿಯೆಂಬ ಸಾಮಾನ್ಯನಾಮವೊಂದೇ. ಅದರೊಳಗೆ ಎಷ್ಟು ಊರುಗಳ ಎಷ್ಟು ತಾಯಂದಿರ ಹೆಸರು ಅಡಗಿಹೋಯಿತೋ! ಹೆಚ್ಚುಕಡಮೆ ಅದೇ ಕಾಲದಲ್ಲಿ ಹುಬ್ಬಳ್ಳಿಯ ಗಂಗೂಬಾಯಿಯವರ ತಟ್ಟೆಗಳು ನಾಯಿಮುದ್ರೆಯ ಕಂಪನಿಯಿಂದ ಹೊರಬಂದುವು. ಅವುಗಳ ಲೇಬಲ್ಲಿನ ಮೇಲೆ ಅಚ್ಚಾದದ್ದು ‘ಗಾಂಧಾರಿ’ ಎಂಬ ಹೆಸರು. ಮುಂದೆ ಗಂಗೂಬಾಯಿ ಹಾನಗಲ್ ಎಂದು ದೇಶವೆಲ್ಲ ಕೊಂಡಾಡಿದ ಕಂಠವನ್ನು ಮೊದಮೊದಲು ತಟ್ಟೆ ಕೊಂಡವರು ಮತ್ತೊಬ್ಬಳದೆಂದೇ ಕೇಳಿ ತಣಿದಿರಬೇಕೆಂಬ ವಿಚಾರ ನನಗೆ ಸಂಕಟವನ್ನುಂಟುಮಾಡುತ್ತದೆ.

ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿಯವರ ಕಥೆ ಇದಕ್ಕೆ ತೀರ ವಿಪರೀತವಾದುದು. ಬೀಳಗಿಯು ಆಗ ವಿಜಾಪುರ ಜಿಲ್ಲೆಗೇ ಸೇರಿದ್ದಿತು. ಕನ್ನಡದ ಗಂಧವಿಲ್ಲದ ಮುಂಬಯಿಯ ಚಿತ್ರರಂಗವನ್ನು ಪ್ರವೇಶಿಸಿದ ಈಕೆ, ಹಿಂದಿ ಶ್ರೋತೃಗಳ ಸಲುವಾಗಿ ಅಚ್ಚಾದ ಲೇಬಲ್ಲುಗಳ ಮೇಲೂ ‘ಅಮೀರಬಾಯಿ ಕರ್ನಾಟಕಿ’ ಎಂದೇ ಕಾಣಿಸಿಕೊಂಡರು. 1943ರ ‘ಕಿಸ್ಮತ್’ ಚಿತ್ರದ ಗೀತಗಳು ಮನೆಮನೆಯನ್ನು ಹೊಕ್ಕಾಗ, ಏಕೀಕರಣಕ್ಕೆ ಇನ್ನೂ ಹದಿಮೂರು ವರ್ಷಗಳಿರುವಾಗಲೇ, ಈ ನಾಡಿನ ಹೆಸರು ಆ ಪುಟ್ಟ ಕಾಗದದ ವರ್ತುಲದಲ್ಲಿ ತಿರುಗುತ್ತ ಉತ್ತರದೇಶವನ್ನೆಲ್ಲ ಸಂಚರಿಸಿತು. ಸಂಪಾದಿಸಿದ ಹಣದಿಂದ ಆಕೆ ವಿಜಾಪುರದಲ್ಲಿ ಒಂದು ಚಿತ್ರಮಂದಿರವನ್ನು ಕಟ್ಟಿಸಿ, ಅದಕ್ಕೆ ಅಮೀರ್ ಟಾಕೀಸ್ ಎಂದು ತಮ್ಮ ಹೆಸರನ್ನೇ ಇಟ್ಟರು.