ಓಣಿ ಬಿಟ್ಟು ಹೊಲಕ್ಕೆ ಬಂದ ಮನೆ

ಬೆಳಗಾವಿ ಜಿಲ್ಲೆಯ ಏಕಸಂಬಿಯ ಹೊರಗೆ, ಕಬ್ಬಿನ ಹೊಲದ ನಡುವಿನ ನಮ್ಮಜ್ಜನ ಮನೆ ಈಗ ಮಾರಾಟಕ್ಕಿದೆ. ನಾಲ್ಕೂ ಕಡೆ ನಮ್ಮದೇ ಗೋಡೆ, ನಮ್ಮದೇ ಅಂಗಳ. ಹಳೆಯ ಊರಲ್ಲಿ ಇದು ಅಪರೂಪ.

ಊರು ಸಣ್ಣದಲ್ಲ, ಹೊಸದೂ ಅಲ್ಲ. ಇಲ್ಲಿನ ನೇಮಿನಾಥ ಬಸದಿಯನ್ನು ಶಿಲಾಹಾರ ವಿಜಯಾದಿತ್ಯನ ಸೇನಾಪತಿ ಕಾಲಣ ಕಟ್ಟಿಸಿದನೆಂದು 1165ರ ಶಾಸನ ಹೇಳುತ್ತದೆ. ಆದರೆ ಒಕ್ಕಲಿಗರ ಮನೆಗಳು ಓಣಿಯೊಳಗೆ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಎರಡು ಮನೆಗೆ ಒಂದು ಗೋಡೆ. ಜಂತಿ ಬದಲಿಸುವುದಕ್ಕೂ ಪಕ್ಕದವರ ಒಪ್ಪಿಗೆ ಬೇಕು. ಕಳ್ಳರ ಭಯಕ್ಕೆ ಹೀಗೆ ಒತ್ತಾಗಿರುವುದೇ ಕಾವಲು.

ಅಜ್ಜನನ್ನು ಹೊಲಕ್ಕೆ ಎಳೆದದ್ದು ನೀರು. ದೂಧಗಂಗಾ ನದಿಗೆ ಪಂಪು ಕೂತ ಮೇಲೆ ಜೋಳದ ಹೊಲ ಕಬ್ಬಿನದಾಯಿತು. ರಾತ್ರಿ ಕರೆಂಟು ಬಂದಾಗ ನೀರು ಹಾಯಿಸಬೇಕು, ಎಮ್ಮೆ ಅಲ್ಲೇ ಕಟ್ಟಬೇಕು. ಮೊದಲು ಗುಡಿಸಲು, ನಂತರ ಮಣ್ಣಿನ ಗೋಡೆ, ಕೊನೆಗೆ ಹಂಚು.

ಮನೆ-ಹೊಲದ ಕಾಗದಗಳ ಗಂಟಿನಲ್ಲಿ ಗಡಿಯ ಚರಿತ್ರೆಯೂ ಇದೆ. ಮುಂಬಯಿ ಪ್ರಾಂತದ ಕಾಲದವು ಮರಾಠಿಯ ಮೋಡಿ ಅಕ್ಷರದಲ್ಲಿವೆ. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ನಂತರದ ಉತಾರಗಳು ಕನ್ನಡದಲ್ಲಿವೆ. ಹಳೆಯದನ್ನು ಓದಿಸಲು ಮೋಡಿ ಬಲ್ಲವರನ್ನು ಹುಡುಕಬೇಕಾಯಿತು.

ನೋಡಲು ಬಂದವರು ಪಡಸಾಲೆಯ ಸಾಗವಾನಿ ಕಂಬ ಮುಟ್ಟಿ ನೋಡುವುದಿಲ್ಲ. ಕೇಳುವುದು ಎರಡೇ: ಬೋರಿಗೆ ನೀರಿದೆಯೇ, ಟ್ರ್ಯಾಕ್ಟರಿಗೆ ದಾರಿಯಿದೆಯೇ? ಅಜ್ಜನೂ ಜಾಗ ಆರಿಸುವಾಗ ಅವನ್ನೇ ಕೇಳಿರಬೇಕು; ಟ್ರ್ಯಾಕ್ಟರಿನ ಬದಲು ಚಕ್ಕಡಿ, ಅಷ್ಟೇ.